ತೊಟ್ಟಿಯಲ್ಲಿದ್ದ ಗೆಂಡೆ ಮೀನು

ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುವಾಗ ನನ್ನ ಅವ್ವ ಹಾಕುತ್ತಿದ್ದ ಷರತ್ತು ಒಂದೇ: ಮಾಂಸ, ಮೀನು, ಮೊಟ್ಟೆ ಈ ಮೂರೂ ಮೆಟ್ಟಿಲು ಹತ್ತಬಾರದು. ಚಿತ್ರದುರ್ಗದಲ್ಲಿ ನಮ್ಮದು ಎರಡು ಹೊತ್ತು ಲಿಂಗಪೂಜೆ ನಡೆಯುವ ಮನೆ. ಮೇಲಿನವರು ಏನು ಒಗ್ಗರಣೆ ಹಾಕಿದರು ಎಂಬುದನ್ನು ಕೆಳಗೆ ಕೂತೇ ಹೇಳುವಂಥ ಮೂಗು ಅವ್ವನದು. ಮೊಟ್ಟೆ ಬೇಯಿಸಿದ ತಪ್ಪಿಗೆ ಬಾಡಿಗೆದಾರರೊಬ್ಬರು ತಿಂಗಳೊಳಗೆ ಗಂಟುಮೂಟೆ ಕಟ್ಟಿದ್ದರು. ಇಂಥ ಮೂಗಿಗೆ ಇಪ್ಪತ್ತೈದು ವರ್ಷ ಸಿಗದೆ ಓಡಾಡಿಕೊಂಡಿದ್ದವನು ಅವಳ ಮಗನೊಬ್ಬನೇ, ಅಂದರೆ ನಾನು.

ನಾನು ನೀರಾವರಿ ಇಲಾಖೆಯಲ್ಲಿದ್ದೆ. ಸರ್ವೀಸಿನ ಹೆಚ್ಚಿನ ಕಾಲ ಮಾರಿಕಣಿವೆಯಲ್ಲೇ ಕಳೆಯಿತು. ಸೋಮವಾರ ಹೋದರೆ ಮನೆಗೆ ಬರುವುದು ಶನಿವಾರವೇ. ಅಣೆಕಟ್ಟೆಯ ಹತ್ತಿರ ಮೀನು ಹಿಡಿಯುವವನೊಬ್ಬನ ಮನೆಯಲ್ಲಿ ಒಂದು ಮಧ್ಯಾಹ್ನ ಮುದ್ದೆಯ ಜೊತೆ ಮೀನಿನ ಸಾರು ಉಂಡೆ. ಮೊದಲ ಸಲ ಕುತೂಹಲ, ಎರಡನೇ ಸಲ ಆಸೆ, ಆಮೇಲೆ ಬುಧವಾರ, ಶನಿವಾರ ಅದೇ ವಾಡಿಕೆಯಾಯಿತು. ಮನೆಯಲ್ಲಿ ಅವ್ವನಿಗಾಗಲಿ ಹೆಂಡತಿಗಾಗಲಿ ಹೇಳಲಿಲ್ಲ. ತಿಂದದ್ದಕ್ಕೆ ನನಗೆ ಆಗಲೂ ನಾಚಿಕೆಯಿರಲಿಲ್ಲ, ಈಗಲೂ ಇಲ್ಲ. ನಾಚಿಕೆ ಬೇರೆಯದಕ್ಕೆ, ಅದನ್ನು ಹೇಳಲೆಂದೇ ಕೂತಿದ್ದೇನೆ.

ನಾನು ನಿವೃತ್ತನಾದ ಮೇಲೆ, ಒಂದು ಯುಗಾದಿ ಕಳೆದ ವಾರ, ಚೆಕ್ ದೇಶದ ಸಂಸಾರವೊಂದು ನಮ್ಮ ಮಹಡಿಗೆ ಬಂತು. ಗಂಡ, ಹೆಂಡತಿ, ಐದು ವರ್ಷದ ಮಗಳು. ಗುಡ್ಡಗಳ ಮೇಲೆ ತಿರುಗುವ ಗಾಳಿ ಫ್ಯಾನುಗಳನ್ನು ರಿಪೇರಿ ಮಾಡುವ ಎಂಜಿನಿಯರು ಆತ. ಇವತ್ತು ಹೊಸದುರ್ಗದ ಕಡೆ, ನಾಳೆ ಹೊಳಲ್ಕೆರೆಯ ಕಡೆ ಎಂದು ಕಂಪನಿಯ ಜೀಪಿನಲ್ಲಿ ತಿರುಗುತ್ತಿದ್ದರು. ವಿದೇಶ ಅಂದರೆ ನಮಗೆ ಅವರ ಊರು. ಅವರಿಗೆ ನಮ್ಮ ಬೀದಿ, ಬೀದಿಯ ನಲ್ಲಿ, ಅವ್ವನ ಷರತ್ತು ಎಲ್ಲವೂ ವಿದೇಶ. ಷರತ್ತನ್ನು ನಾನು ನನ್ನ ಅರೆಬೆಂದ ಇಂಗ್ಲಿಷಿನಲ್ಲಿ ಹೇಳಿದಾಗ ಅವರು ತಮ್ಮ ಅರೆಬೆಂದ ಇಂಗ್ಲಿಷಿನಲ್ಲಿ ಒಪ್ಪಿದರು. ಒಪ್ಪಿದ ಹಾಗೆಯೇ ನಡೆದುಕೊಂಡರು. ಮೊಟ್ಟೆ ತಿನ್ನಬೇಕೆನಿಸಿದರೆ ಮೂವರೂ ಜೀಪು ಹತ್ತಿ ಹೈವೇ ಢಾಬಾಕ್ಕೆ ಹೋಗಿ ತಿಂದು, ಅಲ್ಲೇ ಕೈಬಾಯಿ ತೊಳೆದುಕೊಂಡು ಬರುತ್ತಿದ್ದರು. ನನ್ನ ನಿಯತ್ತಿಗಿಂತ ಅವರ ನಿಯತ್ತು ಎಷ್ಟೋ ಮೇಲಿತ್ತು.

ಅವರ ಮಗಳು, ಬಂದ ವಾರದಲ್ಲೇ, ಅವ್ವನಿಗೆ ಅಂಟಿಕೊಂಡಳು. ಬೆಳಗ್ಗೆ ಎದ್ದರೆ ಕೆಳಗಿಳಿದು ಅವ್ವನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಮಂಡಕ್ಕಿ ತಿನ್ನುವುದು, ಅವ್ವ ಅವರೆಕಾಯಿ ಬಿಡಿಸಿದರೆ ತಾನೂ ಬಿಡಿಸುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಬಾಯಲ್ಲಿ ನಮ್ಮ ಕನ್ನಡ ಬಂದಿತ್ತು. "ಅಜ್ಜಿ, ಕುಂತ್ಕ. ಜಡೆ ಹಾಕ್ತೀನಿ" ಎಂದು ಅವ್ವನಿಗೇ ಜಬರಿಸುತ್ತಿದ್ದಳು. ಅವ್ವ ತನ್ನ ಸ್ವಂತ ಮೊಮ್ಮಕ್ಕಳಿಗೂ ತಲೆ ಮುಟ್ಟಲು ಬಿಟ್ಟವಳಲ್ಲ. ಇವಳ ಮುಂದೆ ಹಾಗೇ ತಲೆ ಬಾಗಿಸಿ ಕೂರುತ್ತಿದ್ದಳು.

ಡಿಸೆಂಬರ್ ಬಂತು. ಒಂದು ಸಂಜೆ ಆತ ಕೆಳಗೆ ಬಂದು ನನ್ನ ಹತ್ತಿರ ಕೂತು, ಮಾತಿಗೆ ತಡಕಾಡಿದರು. ಅವರ ದೇಶಕ್ಕೆ ಸಮುದ್ರವಿಲ್ಲವಂತೆ, ಕೆರೆಗಳಿವೆಯಂತೆ. ಕ್ರಿಸ್‌ಮಸ್ ಹಿಂದಿನ ಸಂಜೆ ಮನೆಮನೆಯಲ್ಲೂ ಗೆಂಡೆ ಮೀನು, ಜೊತೆಗೆ ಆಲೂಗಡ್ಡೆಯ ಪಲ್ಯದಂಥದ್ದೊಂದು. ಅದಿಲ್ಲದಿದ್ದರೆ ಹಬ್ಬವೇ ಅಲ್ಲ, ನಮಗೆ ಯುಗಾದಿಗೆ ಬೇವುಬೆಲ್ಲ ಇಲ್ಲದ ಹಾಗೆ. ಮೀನನ್ನು ಎರಡು ಮೂರು ದಿನ ಮೊದಲೇ ಜೀವಂತ ತಂದು ಬಚ್ಚಲಿನ ತೊಟ್ಟಿಯಲ್ಲಿ ಬಿಡುತ್ತಾರೆ, ಒಳ್ಳೆಯ ನೀರಿನಲ್ಲಿದ್ದರೆ ಅದರ ಮಣ್ಣಿನ ವಾಸನೆ ಹೋಗುತ್ತದೆ. "ವರ್ಷಕ್ಕೆ ಒಂದೇ ಸಂಜೆ. ಅಮ್ಮನವರಿಗೆ ಕಷ್ಟವಾಗುವುದಾದರೆ ಬೇಡ" ಎಂದರು.

ಆಗ ನಾನು "ಬೇಡ" ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಢಾಬಾದಲ್ಲೋ ಹೋಟೆಲಿನಲ್ಲೋ ಹೇಗೋ ಹಬ್ಬ ಮಾಡಿಕೊಳ್ಳುತ್ತಿದ್ದರು. ಆದರೆ ದೊಡ್ಡಸ್ತಿಕೆ ಬಿಡಬೇಕಲ್ಲ! ದೂರದೇಶದ ಮನುಷ್ಯ ನನ್ನೆದುರು ಕೈಕಟ್ಟಿ ಕೇಳುತ್ತಿದ್ದಾನೆ. ಅವ್ವ ಆ ವಾರ ಹೇಗೂ ಹೊಳಲ್ಕೆರೆಯ ನನ್ನ ತಂಗಿಯ ಮನೆಗೆ ಹೋಗುವವಳಿದ್ದಳು. ಮೇಲಾಗಿ ಮೀನು ಅಂದಾಕ್ಷಣ ನನ್ನ ಬಾಯಲ್ಲಿ ನೀರೂರಿತ್ತು. "ನನಗೆ ಬಿಡಿ. ನಾನೇ ತಂದುಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ" ಎಂದೆ. ಆತನ ಮುಖ ಅರಳಿತು. "ಹಾಗಾದರೆ ಒಂದು ತುಂಡು ನಿಮಗೂ" ಎಂದರು. ಮಹಡಿಯ ನಲ್ಲಿ ಸೋರುತ್ತದೆ, ನೋಡಿ ಬರುತ್ತೇನೆ ಎಂಬ ನೆಪ ನನ್ನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು.

ಹೊರಡುವ ದಿನ ಅವ್ವನ ಮೊಣಕಾಲು ಹಿಡಿದುಕೊಂಡಿತು. "ಬಸ್ಸು ಹತ್ತಕ್ಕಾಗಲ್ಲ ಕಣಪ್ಪ, ಸಂಕ್ರಾಂತಿಗೆ ಹೋಗಾಣ" ಎಂದು ಚೀಲ ಬಿಚ್ಚಿದಳು. ವಿಷಯ ತಿಳಿದು ಆತ ಮತ್ತೆ ಕೇಳಿದರು: "ಬಿಟ್ಟುಬಿಡೋಣವೇ?" ನಾನು ಅವರ ಬೆನ್ನು ತಟ್ಟಿ, ಕಾಲು ನೋವಿನವಳು ಮಹಡಿ ಹತ್ತುವುದುಂಟೇ, ನೋ ಪ್ರಾಬ್ಲಮ್, ನೋ ಪ್ರಾಬ್ಲಮ್ ಎಂದೆ. ಎರಡೆರಡು ಸಲ ಹೇಳಿದ್ದು ನನಗೆ ಸರಿಯಾಗಿ ನೆನಪಿದೆ.

ಮರುದಿನ ಬೆಳಗ್ಗೆ ಜೀಪಿನಲ್ಲಿ ಹಿರಿಯೂರಿನ ಮೇಲೆ ಮಾರಿಕಣಿವೆಗೆ ಹೋದೆವು. ನನ್ನ ಹಳೆಯ ಮೀನಿನವನು ದೂರದಿಂದಲೇ ಗುರುತು ಹಿಡಿದ. "ಓಹೋ ಸಾಹೇಬ್ರು! ಬರ್ರಿ ಬರ್ರಿ, ಕುಂತ್ಕಳ್ರಿ. ನಮ್ಮ ಸಾರು ಮರ್ತೇಬಿಟ್ರೇನೋ ಅನ್ಕಂಡಿದ್ದೆ. ನಮ್ಮ ಮನೆಯಾಕಿ ಈಗ್ಲೂ ನೆನಸ್ಕಂತಾಳೆ, ಮೀನಿನ ತಲೆ ಚೀಪೋದು ಸಾಹೇಬ್ರುನ್ನ ನೋಡಿ ಕಲೀಬೇಕು ಅಂತ." ಮಾತು ಕನ್ನಡದ್ದಾದರೂ ಅವನು ಕೈಬಾಯಿ ಆಡಿಸಿ ತೋರಿಸಿದ್ದು ಯಾವ ದೇಶದವರಿಗೂ ಅರ್ಥವಾಗುವಂಥದ್ದು. ಆತ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಜೀಪಿನ ಹತ್ತಿರ ಬಂದಾಗ, "ಇದು ಅವ್ವನಿಗೆ ಗೊತ್ತಿಲ್ಲ. ಎಂದೂ ಹೇಳಬೇಡಿ" ಎಂದೆ. ಆತ ನಗು ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು, "ಎಂದೂ ಇಲ್ಲ" ಎಂದರು.

ದಪ್ಪನೆಯ ಗೆಂಡೆ ಮೀನು. ಪೇಂಟಿನ ದೊಡ್ಡ ಡಬ್ಬದಲ್ಲಿ ನೀರು ತುಂಬಿ, ಮೀನು ಬಿಟ್ಟು, ಮೇಲೆ ಟವೆಲು ಹೊದೆಸಿ ತಂದೆವು. ಅವ್ವ ಪೂಜೆಗೆ ಕೂತ ಹೊತ್ತು ನೋಡಿಕೊಂಡು ನಾನೇ ಮುಂದೆ ನಿಂತು ಮೆಟ್ಟಿಲು ಹತ್ತಿಸಿದೆ. ಮಹಡಿಯ ಬಚ್ಚಲಿನ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟಾಗ ಅದು ಒಂದು ಸುತ್ತು ಹೊಡೆದು ಮೂಲೆಯಲ್ಲಿ ನಿಂತಿತು. ಮಗು ಚಪ್ಪಾಳೆ ತಟ್ಟಿತು. ಅರವತ್ತು ದಾಟಿದ ನಾನು ಶಾಲೆ ತಪ್ಪಿಸಿ ಈಜಲು ಹೋದ ಹುಡುಗನಂತೆ ಖುಷಿಯಾಗಿ ಕೆಳಗಿಳಿದೆ.

ಮಾರನೆಯ ದಿನ ಮಗು ಅವ್ವನ ಕೈ ಹಿಡಿದು ಎಳೆಯತೊಡಗಿತು. "ಅಜ್ಜಿ ಬಾ, ಮ್ಯಾಲೆ ಮೀನು ಐತೆ." ಅವ್ವ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಯೇಬಿಟ್ಟಳು. ನಾನು ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತೆ, ಒಂದಕ್ಷರ ಓದಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಇಳಿದು ಬಂದಳು. ಮುಖದಲ್ಲಿ ಸಿಟ್ಟಿನ ಬದಲು ಸಂತೋಷವಿತ್ತು.

"ಲೇ, ಮ್ಯಾಲಿನೋರು ತೊಟ್ಟಿಯಾಗೆ ಮೀನು ಬಿಟ್ಕಂಡವ್ರೆ, ನೋಡಿದ್ಯಾ? ಹಬ್ಬಕ್ಕಂತೆ. ಅವರ ಕಡೆನೂ ಗಂಗಮ್ಮನ್ನ ಮಾಡ್ತಾರೇನೋ?"

ಅವ್ವನ ತವರು ಹೊಸದುರ್ಗದ ಕಡೆಯ ಹಳ್ಳಿ. ಅಲ್ಲಿ ಗುಡಿಯ ಕಲ್ಯಾಣಿಯಲ್ಲಿರುವ ಮೀನು ದೇವರ ಮೀನು, ಯಾರೂ ಮುಟ್ಟುವುದಿಲ್ಲ. ಸೋಮವಾರ ಮಂಡಕ್ಕಿ ಎಸೆದು ಕೈಮುಗಿಯುತ್ತಾರೆ. ಅವಳು ಕಂಡ ಮೀನು ಅದೊಂದೇ ಬಗೆಯದು. ಹಬ್ಬಕ್ಕೆಂದು ಮನೆಯ ಒಳ್ಳೆಯ ನೀರಿನಲ್ಲಿ ಮೀನು ತಂದಿಟ್ಟುಕೊಂಡವರು ಅದನ್ನು ಪೂಜೆ ಮಾಡದೆ ಇನ್ನೇನು ಮಾಡುತ್ತಾರೆ?

"ಹೂಂ ಕಣವ್ವ. ಅವರ ಕಡೆ ಪದ್ಧತಿ" ಎಂದೆ. ಸುಳ್ಳಲ್ಲ ನೋಡಿ ಅದು, ಬೇಕಾದರೆ ತಕ್ಕಡಿಯಲ್ಲಿಟ್ಟು ತೂಗಿ. ನನ್ನಂಥವರ ಸುಳ್ಳುಗಳು ಹೀಗೆಯೇ ನಿಜದ ಅಂಗಿ ಹಾಕಿಕೊಂಡಿರುತ್ತವೆ.

ಅವತ್ತು ಸಂಜೆ ಅವ್ವ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮತ್ತೆ ಹತ್ತಿದಳು. ತೊಟ್ಟಿಯ ಅಂಚಿಗೆ ವಿಭೂತಿ ಎಳೆದು, ಎರಡು ಚೆಂಡುಹೂ ಇಟ್ಟು, ಮಂಡಕ್ಕಿ ಹಾಕಿದಳು. ಆ ಹೆಣ್ಣುಮಗಳು, ಮಗುವಿನ ತಾಯಿ, ಇದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡರಂತೆ. ಪರದೇಶದಲ್ಲಿ ತಮ್ಮ ಹಬ್ಬಕ್ಕೆ ಮನೆಯ ಹಿರಿಯರು ಹರಸಿದರು ಎಂದು ಫೋಟೋ ತೆಗೆದು ಊರಿಗೆ ಕಳಿಸಿದರಂತೆ. ಅವ್ವ ಬೀದಿಯ ಇಬ್ಬರು ಹೆಂಗಸರಿಗೆ, "ನಮ್ಮೋರಿಗಿಂತ ವಾಸಿ ಕಣ್ರಮ್ಮ, ಎಷ್ಟು ದೈವಭಕ್ತಿ" ಎಂದು ಹೇಳಿಕೊಂಡು ಬಂದಳು. ಎರಡು ಕಡೆಯ ತಪ್ಪು ತಿಳಿವಳಿಕೆಯೂ ಪೂರ್ತಿ ಗೊತ್ತಿದ್ದವನು ಇಡೀ ಮನೆಯಲ್ಲಿ ನಾನೊಬ್ಬನೇ. ಇನ್ನೊಂದು ದಿನ ಕಳೆದರೆ ಸಾಕು, ಮೀನು ಎಲ್ಲಿ ಹೋಯಿತೆಂದು ಅವ್ವ ಕೇಳಿದರೆ ಕೆರೆಗೆ ಬಿಟ್ಟರು ಅನ್ನೋಣ ಎಂದು ಲೆಕ್ಕ ಹಾಕಿದ್ದೆ.

ಇಪ್ಪತ್ತನಾಲ್ಕನೆಯ ತಾರೀಖು ಬೆಳಗ್ಗೆ ಅವ್ವ ಮುಷ್ಟಿಯಲ್ಲಿ ಮಂಡಕ್ಕಿ ಹಿಡಿದು ಹತ್ತಿದಳು. ಮಗು ಕೆಂಪು ಲಂಗ ಹಾಕಿಕೊಂಡು ತೊಟ್ಟಿಯ ಬಳಿ ನಿಂತಿತ್ತಂತೆ.

"ಅಜ್ಜಿ, ಸಾಕು ಹಾಕ್ಬ್ಯಾಡ. ಸಂಜೆ ಅಪ್ಪ ಇದುನ್ನ ಕೊಯ್ತಾರೆ. ನಾವು ತಿಂತೀವಿ. ನಿಂಗೂ ಕೊಡ್ತೀವಿ."

ಅವ್ವ ಇಳಿದು ಬಂದಳು. ಹಿತ್ತಲಿನಲ್ಲಿ ಆ ಚಳಿಯಲ್ಲಿ ತಣ್ಣೀರು ಕೊಡ ಕೊಡ ತಲೆಮೇಲೆ ಸುರಿದುಕೊಂಡಳು. ಒದ್ದೆ ಸೀರೆಯಲ್ಲೇ ಪಡಸಾಲೆಗೆ ಬಂದು ನಿಂತು, "ಕರಿ ಅವನ್ನ" ಎಂದಳು. ಮಗು ಹೇಳಿದ್ದನ್ನು ನಡುಗುತ್ತ ಹೇಳಿದಳು. ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಕರೆದೆ.

ಆತ ಕೆಳಗೆ ಬಂದರು. ಅಂಗಿಯ ತೋಳು ಮಡಚಿದ್ದರು, ಬೆರಳಿಗೆ ಆಲೂಗಡ್ಡೆಯ ಸಿಪ್ಪೆ ಅಂಟಿತ್ತು. ಮೆಟ್ಟಿಲ ಮೇಲೆ ಹೆಂಡತಿ, ಮಗಳು ನಿಂತರು. ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ. ಅವ್ವನಿಗೆ ಇಂಗ್ಲಿಷ್ ಬಾರದು, ಆತನಿಗೆ ಕನ್ನಡ ಬಾರದು. ನಡುವೆ ನಿಂತು ಇಬ್ಬರ ಮಾತು ಇಬ್ಬರಿಗೂ ದಾಟಿಸಬೇಕಾದವನು ನಾನು.

"ಬಾಡಿಗೆ ಕೊಡೋವಾಗ ಏನು ಹೇಳಿದ್ದೆ ಅಂತ ಕೇಳು."

ಕೇಳಿದೆ. "ನೆನಪಿದೆ" ಎಂದರು ಆತ.

"ಮತ್ತೆ ಅದುನ್ನ ಈ ಮನೆಯೊಳಗೆ ತಂದೋರು ಯಾರು? ಕೇಳು."

ಇದನ್ನೂ ಕೇಳಿದೆ. ನನ್ನ ಬಾಯಿಂದಲೇ, ಆತನ ಕಣ್ಣೆದುರಿಗೆ ನಿಂತು, ಮೀನು ತಂದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆತ ನನ್ನನ್ನು ನೋಡಿದರು. ಕಾದರು. ನಾನು ಹೇಳುತ್ತೇನೇನೋ ಎಂದು ಆತ ಕಾದದ್ದು ನನಗೆ ಚೆನ್ನಾಗಿ ಗೊತ್ತಾಯಿತು. ನಾನು ತಲೆ ತಗ್ಗಿಸಿ, ಬಾಗಿಲ ಬಳಿ ಸೊಟ್ಟಗೆ ಬಿದ್ದಿದ್ದ ಚಪ್ಪಲಿಗಳನ್ನು ಕಾಲಿನಿಂದ ಜೋಡಿಸತೊಡಗಿದೆ. "ಅವ್ವ, ನಾನು ತಂದೆ." ಮೂರೇ ಮಾತು. ಮಾರಿಕಣಿವೆಯ ಕಥೆ ಕೂಡ ಹೇಳಬೇಕಾಗಿರಲಿಲ್ಲ.

ಆತ ಅವ್ವನತ್ತ ತಿರುಗಿದರು. "ನಾನೇ ತಂದೆ. ಮಾರ್ಕೆಟ್ಟಿನಿಂದ. ನಿಮ್ಮ ಮಗನಿಗೆ ಗೊತ್ತಿರಲಿಲ್ಲ. ತಪ್ಪಾಯಿತು."

ನಾನು ಅನುವಾದಿಸಿದೆ. ಅಲ್ಲಿಯವರೆಗೆ ಒಣಗಿ ಹೋಗಿದ್ದ ನನ್ನ ನಾಲಿಗೆ, ನಿಮ್ಮ ಮಗನಿಗೆ ಗೊತ್ತಿರಲಿಲ್ಲ ಎಂಬುದನ್ನು ಮಾತ್ರ ಒಂದಕ್ಷರ ಬಿಡದೆ ಸ್ಪಷ್ಟವಾಗಿ ಹೇಳಿತು. ಇದನ್ನು ಬರೆಯುವಾಗಲೂ ಮುಖಕ್ಕೆ ಕೈ ಅಡ್ಡ ಹಿಡಿಯಬೇಕೆನಿಸುತ್ತದೆ.

"ಈಗಿಂದೀಗ ಅದು ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ನಾನು ಹೋಗ್ತೀನಿ" ಎಂದಳು ಅವ್ವ.

ಅರ್ಧ ಗಂಟೆಯಲ್ಲಿ ಅವರು ಇಳಿದು ಬಂದರು. ಅದೇ ಪೇಂಟಿನ ಡಬ್ಬ, ಒಂದು ಪಾತ್ರೆಯಲ್ಲಿ ಬೇಯಿಸಿದ ಆಲೂಗಡ್ಡೆ, ಒಂದು ಚೀಲದಲ್ಲಿ ಮೇಣದಬತ್ತಿ. ಮಗು ಅವ್ವನ ಹತ್ತಿರ ಓಡಿ ಬಂತು. ಅವ್ವ ಮುಖ ತಿರುಗಿಸಿದಳು. ಯಾವ ತಪ್ಪೆಂದು ತಿಳಿಯದೆ ಅದು ಅಲ್ಲೇ ನಿಂತು ತನ್ನ ಕೆಂಪು ಲಂಗ ನೋಡಿಕೊಂಡಿತು. ಹೊಸ ಬಟ್ಟೆ ಅಜ್ಜಿಗೆ ಇಷ್ಟವಾಗಲಿಲ್ಲ ಎಂದುಕೊಂಡಿತೋ ಏನೋ. ತಾಯಿ ಎತ್ತಿಕೊಂಡು ಜೀಪು ಹತ್ತಿದರು.

ಆ ದಿನವೆಲ್ಲ ನಾನು ಮಹಡಿಯ ತೊಟ್ಟಿ ತಿಕ್ಕಿದೆ. ಹುಣಸೆಹಣ್ಣು, ಸೋಪಿನ ಪುಡಿ, ಕೊನೆಗೆ ಗಂಜಲ. ಅವ್ವ ಬಾಗಿಲಲ್ಲಿ ಕೂತು ಇಲ್ಲಿ ತಿಕ್ಕು, ಅಲ್ಲಿ ತಿಕ್ಕು ಎನ್ನುತ್ತಿದ್ದಳು. ವಿಷಯ ತಿಳಿದು ಬೀದಿಯ ಹೆಂಗಸರು ಬಂದರು. "ನನ್ನ ಮಗ ಹಾಲಿನಂಥೋನು ಕಣ್ರಮ್ಮ. ಅವನಿಗೆ ಕಣ್ಕಟ್ಟು ಮಾಡಿದ್ರು" ಎಂದಳು ಅವ್ವ. ಹಾಲಿನಂಥವನು ಬಗ್ಗಿ ಇನ್ನಷ್ಟು ಜೋರಾಗಿ ತಿಕ್ಕಿದ.

ಸಂಜೆ ಅವರು ಎಲ್ಲಿದ್ದರೆಂದು ಜೀಪಿನ ಡ್ರೈವರು ಆಮೇಲೆ ಹೇಳಿದ. ಹೊಳಲ್ಕೆರೆ ದಾರಿಯ ಗುಡ್ಡದ ಬುಡದಲ್ಲಿ ಕಂಪನಿಯವರ ಸಾಮಾನಿಡುವ ಶೆಡ್ಡಿದೆ, ಅಲ್ಲಿ. "ಒಲೆ ಗಿಲೆ ಎಲ್ಲಾ ಇತ್ತು ಸಾರ್. ಆದ್ರೆ ಆ ಮಗು, ಅಜ್ಜಿ ಬ್ಯಾಡ ಅಂದೈತೆ, ಕೊಯ್ಬ್ಯಾಡ್ರಿ ಅಂತ ಅತ್ತಿದ್ದೇ ಅತ್ತಿದ್ದು. ಸಾಹೇಬ್ರು ಡಬ್ಬ ಎತ್ಕಂಡು ಹೋಗಿ ಮೀನ್ನ ಕೆರೆಗೆ ಬಿಟ್ಟು ಬಂದ್ರು. ಆಮ್ಯಾಕೆ ಮೂರೂ ಜನ ಬತ್ತಿ ಹಚ್ಕಂಡು ಆಲೂಗಡ್ಡೆ ತಿಂದ್ರು. ನಂಗೂ ಕೊಟ್ರು." ಬೇಕಾದರೆ ಕೆರೆಗೆ ಬಿಟ್ಟರು ಎಂದು ಹೇಳಿಬಿಡೋಣ ಅಂದುಕೊಂಡಿದ್ದ ನನ್ನ ಸುಳ್ಳನ್ನು ಅವರೇ ನಿಜ ಮಾಡಿದ್ದರು.

ಅವರು ಮನೆ ಬಿಡಲಿಲ್ಲ. ಕೆಲಸ ಮುಗಿಯುವ ಮಾರ್ಚ್‌ವರೆಗೂ ಇದ್ದರು. ಆತ ನನ್ನನ್ನು ಕಂಡರೆ ಮೊದಲಿನಂತೆಯೇ ನಮಸ್ಕಾರ ಅನ್ನುತ್ತಿದ್ದರು. ಒಂದು ಸಲವಾದರೂ ಬೈದಿದ್ದರೆ, ಒಂದು ಸಲ ಮುಖ ಗಂಟಿಕ್ಕಿದ್ದರೆ ನನ್ನ ಭಾರ ಇಳಿಯುತ್ತಿತ್ತು. ಮಗು ಮಾತ್ರ ಕೆಳಗೆ ಬರುವುದನ್ನು ಬಿಟ್ಟಿತು. ಅವ್ವ ಬೆಳಗ್ಗೆ ಮಂಡಕ್ಕಿ ಡಬ್ಬ ಬಿಚ್ಚಿ ಮೆಟ್ಟಿಲ ಕಡೆ ನೋಡುವಳು, ಮುಚ್ಚುವಳು. ಕರೆಯಲು ಅವಳ ಹಟ ಬಿಡದು. ಹೊರಟ ದಿನ ಆತ ಅವ್ವನ ಕಾಲು ಮುಟ್ಟಿ ನಮಸ್ಕರಿಸಿದರು. ಅವ್ವ ತಲೆ ಮೇಲೆ ಕೈಯಿಟ್ಟಳು.

ಕಳೆದ ಡಿಸೆಂಬರಿನ ಇಪ್ಪತ್ತನಾಲ್ಕರ ಸಂಜೆ, ಇನ್ನು ತಡೆಯಲಾರೆ ಎನಿಸಿ, ಒಳಗಿನ ಕೋಣೆಯಲ್ಲಿ ಕೂತು ಆತನಿಗೆ ಫೋನು ಮಾಡಿದೆ. ಏನು ಹೇಳಬೇಕೆಂದು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಆತ ನನ್ನ ದನಿ ಕೇಳಿ ಕೂಗಿಕೊಳ್ಳುವಷ್ಟು ಖುಷಿಪಟ್ಟರು. ನಾನು ಬಾಯಿ ತೆರೆಯುವ ಮುಂಚೆಯೇ, "ಅಮ್ಮನವರು ಹೇಗಿದ್ದಾರೆ? ಅವರಿಗೆ ಇನ್ನೂ ಗೊತ್ತಿಲ್ಲ ತಾನೇ?" ಎಂದರು.

"ಇಲ್ಲ."

"ಒಳ್ಳೆಯದು. ನಾನು ಯಾರಿಗೂ ಹೇಳಿಲ್ಲ. ಹೆಂಡತಿಗೂ, ನಾನೇ ಒತ್ತಾಯ ಮಾಡಿ ತರಿಸಿದೆ ಅಂತಲೇ ಹೇಳಿರುವುದು. ಮಗಳಿಗಂತೂ ಇನ್ನೂ ನನ್ನ ಮೇಲೆ ಸಿಟ್ಟು. ಹಬ್ಬ ಬಂದರೆ ಸಾಕು, ನೀನು ನನ್ನ ಅಜ್ಜಿಗೆ ಮೋಸ ಮಾಡಿದೆ ಅನ್ನುತ್ತಾಳೆ." ಆತ ನಕ್ಕರು. ನಗುವಿನಲ್ಲಿ ಏನೂ ಇರಲಿಲ್ಲ, ಬರೀ ನಗು.

ಕ್ಷಮಿಸಿ ಅನ್ನಬೇಕಾದ ನಾನು "ಥ್ಯಾಂಕ್ಸ್" ಎಂದೆ. ಹಬ್ಬದ ಶುಭಾಶಯ ಹೇಳಿ ಇಟ್ಟೆ.

ತಿರುಗಿದರೆ ಮಡಚಿದ ಬಟ್ಟೆ ಹಿಡಿದುಕೊಂಡು ಹೆಂಡತಿ ನಿಂತಿದ್ದಳು. ಆ ಹೆಣ್ಣುಮಗಳ ಜೊತೆ ಒಂದು ವರ್ಷ ಒಡನಾಡಿ ಅವಳಿಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ.

"ಅಷ್ಟೇನಾ?" ಎಂದಳು.

ನಾನು ಫೋನಿನ ಗಾಜನ್ನು ಅಂಗಿಗೆ ಒರೆಸತೊಡಗಿದೆ.

"ಶನಿವಾರ ಶನಿವಾರ ಬಾಯ್ತುಂಬ ಸೋಂಪು ಹಾಕ್ಕಂಡು ಬರೋರು ಏನು ತಿಂದು ಬರ್ತಾರೆ ಅಂತ ಗೊತ್ತಾಗ್ದೆ ಇರೋವಷ್ಟು ದಡ್ಡಿ ಅಲ್ಲ ನಾನು. ತಿನ್ಲಿ ಬಿಡು, ಅವರ ಹೊಟ್ಟೆ ಅವರ ಇಷ್ಟ ಅನ್ಕಂಡಿದ್ದೆ. ಆದ್ರೆ ಅವತ್ತು ಬಾಗಿಲಲ್ಲಿ ನಿಂತ್ಕಂಡು, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾಯ್ತಿದ್ದೆ ಕಣ್ರಿ. ನೀವು ಚಪ್ಪಲಿ ಜೋಡಿಸ್ತಿದ್ರಿ."

ಹೊರಗೆ ಪಡಸಾಲೆಯಿಂದ ಅವ್ವನ ದನಿ ಬಂತು. "ಯಾರ ಜೊತಿಗಪ್ಪ ಇಂಗ್ಲಿಷಿನಾಗೆ ಮಾತಾಡ್ತಿದ್ದೆ?"

"ನಮ್ಮ ಹಳೇ ಆಫೀಸಿನೋರು ಕಣವ್ವ."

ಅವ್ವ, ಕೇಳಲೋ ಬೇಡವೋ ಎಂಬಂತೆ, ಮೆಲ್ಲಗೆ ಅಂದಳು: "ಇವತ್ತು ಅವರ ಹಬ್ಬ ಅಲ್ವೇನೋ? ಆ ಕೂಸು ಎಷ್ಟು ಎತ್ತರ ಆಗೈತೋ. ಅಪ್ಪ ಮಾಡಿದ ತಪ್ಪಿಗೆ ಅದರ ಮ್ಯಾಲೆ ಮುಖ ತಿರುವ್ಕಂಡೆ ನಾನು, ಅದೇ ಒಂದು ನೆನಪಾಗ್ತೈತೆ. ಅವರ ನಂಬರು ಏನಾದ್ರೂ ಐತೇನೋ ನಿನ್ನತ್ರ? ಒಂದ್ಸಲ ಮಾತಾಡ್ತಿದ್ದೆ."

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಫೋನು ಕೈಯಲ್ಲೇ ಇತ್ತು.

"ಇಲ್ಲ ಕಣವ್ವ" ಎಂದೆ.